ಸಹಾಯ ಬೇಕು: ‘ಕನಿಷ್ಠ ಇಬ್ಬರು’ ಅಂದಾಗ ಸಂಭವನೀಯತೆ 1 ದಾಟುತ್ತಿದೆ

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೇನೆ, ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

7 ಮಹಿಳೆಯರು, 5 ಪುರುಷರು. ಚೀಟಿ ಎತ್ತಿ 4 ಜನರ ತಂಡ ಮಾಡಬೇಕು. ಅದರಲ್ಲಿ ಕನಿಷ್ಠ ಇಬ್ಬರು ಮಹಿಳೆಯರು ಇರುವ ಸಂಭವನೀಯತೆ ಎಷ್ಟು?

12 ಜನರಲ್ಲಿ 4 ಜನರನ್ನು ಆರಿಸಲು 495 ವಿಧ, ಅದು ಸರಿ. ಮೊದಲು ಇಬ್ಬರು ಮಹಿಳೆಯರನ್ನು ಆರಿಸಿ (21 ವಿಧ), ಆಮೇಲೆ ಉಳಿದ 10 ಜನರಲ್ಲಿ ಯಾರಾದರೂ ಇಬ್ಬರನ್ನು ತೆಗೆದುಕೊಂಡು (45 ವಿಧ) ಗುಣಿಸಿದರೆ 945 ಬರುತ್ತದೆ. ಒಟ್ಟು ಇರುವುದೇ 495, ಇದು ಹೇಗೆ ಸಾಧ್ಯ?

2, 3, 4 ಮಹಿಳೆಯರು ಅಂತ ಬೇರೆ ಬೇರೆ ಲೆಕ್ಕ ಹಾಕಿದರೆ 210 + 175 + 35 = 420. ಅಂದರೆ 28/33. ಒಬ್ಬರೂ ಇಲ್ಲದ 5, ಒಬ್ಬರೇ ಇರುವ 70 ತಂಡಗಳನ್ನು 495ರಲ್ಲಿ ಕಳೆದರೂ ಅದೇ 420. ಹಾಗಾಗಿ ಉತ್ತರದ ಬಗ್ಗೆ ಅನುಮಾನ ಇಲ್ಲ.

ಮೊದಲ ದಾರಿಯಲ್ಲಿ ಒಂದೇ ತಂಡ ಮತ್ತೆ ಮತ್ತೆ ಎಣಿಕೆಗೆ ಬರುತ್ತಿದೆ ಅನ್ನಿಸುತ್ತದೆ. ಮೂವರು ಮಹಿಳೆಯರಿದ್ದರೆ ‘ಮೊದಲ ಇಬ್ಬರು’ ಯಾರು ಅನ್ನುವುದಕ್ಕೆ 3 ದಾರಿ, ನಾಲ್ವರಿದ್ದರೆ 6 ದಾರಿ, ಇಬ್ಬರೇ ಇದ್ದರೆ 1, ಅಲ್ವಾ? ಹಾಗಾದರೆ ಸುಮ್ನೆ ಒಂದೇ ಸಂಖ್ಯೆಯಿಂದ ಭಾಗಿಸಿ ಸರಿ ಮಾಡಲು ಆಗುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ: 945ರಿಂದ 420ಕ್ಕೆ ನೇರವಾಗಿ ಬರುವ ದಾರಿ ಏನಾದರೂ ಇದೆಯಾ, ಅಥವಾ ‘ಕನಿಷ್ಠ’ ಅಂತ ಬಂದಾಗಲೆಲ್ಲ ಹೀಗೆ ಬಿಡಿಸಿಯೇ ಕೂಡಬೇಕಾ?