ವಿಮಾನದ ಸದ್ದು, ಅಕ್ಕಪಕ್ಕದ ಮನೆಗಳು: ಧ್ವನಿ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ವಿಮಾನ ನಿಲ್ದಾಣಗಳ ಸುತ್ತ ಸದ್ದು ಅಳೆಯುವ, ಮನೆಗಳಿಗೆ ಸದ್ದು ತಡೆ ಮಾಡಿಸುವ ಎಂಜಿನಿಯರ್ ಮೇಡಂ ಇವತ್ತು ನಮ್ಮ ಜೊತೆ ಇದ್ದಾರೆ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ತಾರಸಿಮನೆ: ನಮಸ್ತೆ ಮೇಡಂ. ಜೋಡಿ ಗಾಜಿನ ಕಿಟಕಿ ಹಾಕಿಸಿದೆವು. 4 ಮಿ.ಮೀ. ಗಾಜು ಎರಡು, ನಡುವೆ 12 ಮಿ.ಮೀ. ಸಂದು. ಸದ್ದು ಇದ್ದ ಹಾಗೇ ಇದೆ. ಮೋಸ ಹೋದೆವಾ?

ಧ್ವನಿ ಎಂಜಿನಿಯರ್: ನಮಸ್ತೆ. ಮೋಸ ಅಲ್ಲ, ಅದು ಬಿಸಿಲು ಚಳಿ ತಡೆಯಲು ಮಾಡಿದ ಕಿಟಕಿ. ಒಂದೇ ದಪ್ಪದ ಎರಡು ಗಾಜು ಇಷ್ಟು ಹತ್ತಿರ ಇದ್ದರೆ ಸುಮಾರು 245 ಹರ್ಟ್ಸ್‌ನಲ್ಲಿ ಎರಡೂ ಒಟ್ಟಿಗೆ ಕಂಪಿಸಿ ಸದ್ದನ್ನು ಒಳಗೆ ಬಿಡುತ್ತವೆ. ವಿಮಾನದ ಸದ್ದಿನ ದೊಡ್ಡ ಪಾಲು ಅದೇ ಆಸುಪಾಸಿನಲ್ಲಿದೆ. ಈಗಿನದನ್ನು ಕೀಳಬೇಡಿ. ಒಳಗಡೆ 100ರಿಂದ 150 ಮಿ.ಮೀ. ಬಿಟ್ಟು ಬೇರೆ ಚೌಕಟ್ಟಿನಲ್ಲಿ ಇನ್ನೊಂದು ಕಿಟಕಿ ಕೂರಿಸಿ, ಅದಕ್ಕೆ 6 ಮಿ.ಮೀ.ಗಿಂತ ದಪ್ಪದ ಲ್ಯಾಮಿನೇಟೆಡ್ ಗಾಜು ಹಾಕಿಸಿ. ಎರಡು ಚೌಕಟ್ಟು ಒಂದಕ್ಕೊಂದು ತಾಗಬಾರದು. ಜಾರುವ ಕಿಟಕಿ ಬೇಡ, ಅದರ ಹಳಿಯಲ್ಲಿ ಸಂದು ಮುಚ್ಚುವುದೇ ಇಲ್ಲ. ಬಾಗಿಲಿನಂತೆ ತೆರೆಯುವ ಕಿಟಕಿಗೆ ಸುತ್ತಲೂ ರಬ್ಬರ್ ಗ್ಯಾಸ್ಕೆಟ್ ಹಾಕಿ, ಎರಡು ಕಡೆ ಚಿಲಕ ಬಿಗಿಸಿ. ಕಿಟಕಿಯ ವಿಸ್ತೀರ್ಣದ ನೂರರಲ್ಲಿ ಒಂದು ಪಾಲು ಸಂದು ಉಳಿದರೂ ಸಾಕು, ಗಾಜು ಎಷ್ಟೇ ದಪ್ಪ ಇರಲಿ, ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ.

ಹಸಿರುಬೇಲಿ: ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದಂತೆ, ವಿಡಿಯೊ ಬಂದಿದೆ.

ಧ್ವನಿ ಎಂಜಿನಿಯರ್: ನಿಲ್ಲುವುದಿಲ್ಲ. ಹೊರಗಿನ ಸದ್ದು ತಡೆಯಲು ತೂಕ ಬೇಕು, ಸಂದು ಮುಚ್ಚಬೇಕು. ಮೊಟ್ಟೆ ಟ್ರೇಗೆ ತೂಕ ಇಲ್ಲ, ಬೆಂಕಿ ಬೇಗ ಹಿಡಿಯುತ್ತದೆ. 25 ಮಿ.ಮೀ. ಫೋಮ್ ಕೂಡ ಕೋಣೆಯೊಳಗಿನ ಪ್ರತಿಧ್ವನಿಯನ್ನು ಮಾತ್ರ ತಗ್ಗಿಸುತ್ತದೆ.

ಎಳೆಮಗು ಅಮ್ಮ: ಮಗುವಿಗೆ ಮೂರು ತಿಂಗಳು. ರಾತ್ರಿ ಕಿವಿಗೆ ಬೆಚ್ಚಗಿನ ಎಣ್ಣೆ, ಹತ್ತಿ ಇಡಿ ಎಂದು ಕಳಿಸಿದ್ದಾರೆ. ಇಡಬಹುದಾ?

ಧ್ವನಿ ಎಂಜಿನಿಯರ್: ಬೇಡವೇ ಬೇಡ. ಎಣ್ಣೆ ಸದ್ದು ತಡೆಯುವುದಿಲ್ಲ, ಕಿವಿಗೆ ತೊಂದರೆ ತರುತ್ತದೆ. ಹತ್ತಿ ಬಾಯಿಗೆ ಹೋಗಬಹುದು. ರನ್‌ವೇ ಕಡೆಗಿಲ್ಲದ ಕೋಣೆಗೆ ತೊಟ್ಟಿಲು ಬದಲಿಸಿ. ಒಂದೇ ಸಮನೆ ಶಬ್ದ ಮಾಡುವ ಯಂತ್ರ ಇಡುವುದಾದರೆ 2 ಮೀಟರ್ ದೂರದಲ್ಲಿ, ತೀರಾ ಕಡಿಮೆ ವಾಲ್ಯೂಮ್‌ನಲ್ಲಿ.

ರಾತ್ರಿಪಾಳಿ: ಹಗಲು ಮಲಗುವವನು ನಾನು. ಕೋಣೆಯ ವೆಂಟಿಲೇಟರ್‌ಗಳಿಗೆಲ್ಲ ಫೋಮ್ ತುಂಬಿ ಟೇಪ್ ಹೊಡೆದೆ, ಬಾಗಿಲಿನ ಕೆಳಸಂದನ್ನೂ ಮುಚ್ಚಿದೆ. ಸದ್ದು ಚೆನ್ನಾಗಿ ಕಡಿಮೆಯಾಯಿತು. ಆದರೆ ಏಳುವಾಗ ತಲೆನೋವು, ಒಮ್ಮೊಮ್ಮೆ ವಾಕರಿಕೆ. ಉಳಿದ ಸದ್ದಿನಿಂದಲೇ ಇರಬೇಕು. ಇನ್ನೇನು ಮಾಡಲಿ?

ಧ್ವನಿ ಎಂಜಿನಿಯರ್: ಆ ಕೋಣೆಗೆ ಹೊಂದಿದ ಬಚ್ಚಲು ಇದೆಯಾ? ಅಲ್ಲಿ ಗ್ಯಾಸ್ ಗೀಸರ್ ಇದೆಯಾ? ಈಗಲೇ ಹೇಳಿ.

ರಾತ್ರಿಪಾಳಿ: ಹೌದು, ಇದೆ. ಮನೆಯವರು ಬೆಳಿಗ್ಗೆ ಸ್ನಾನ ಮಾಡುವಾಗ ನಾನು ಮಲಗಿರುತ್ತೇನೆ.

ಧ್ವನಿ ಎಂಜಿನಿಯರ್: ಮಿಕ್ಕ ಪ್ರಶ್ನೆಗಳು ಕಾಯಲಿ. ಟೇಪ್ ಕಿತ್ತು ಹಾಕಿ, ಕಿಟಕಿ ತೆರೆಯಿರಿ, ಗೀಸರ್ ಬಳಸುವುದನ್ನು ನಿಲ್ಲಿಸಿ. ಗಾಳಿಯಾಡದ ಜಾಗದಲ್ಲಿ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ, ಮಂಪರು ಅದರ ಮೊದಲ ಲಕ್ಷಣಗಳು; ಮಂಪರು ಬಂದವರು ಏಳದೇ ಹೋಗಬಹುದು. ಇವತ್ತೇ ವೈದ್ಯರ ಬಳಿ ಹೋಗಿ ಗ್ಯಾಸ್ ಗೀಸರ್, ಮುಚ್ಚಿದ ಕೋಣೆ ಎರಡನ್ನೂ ಹೇಳಿ. ರಕ್ತದಲ್ಲಿ ಈ ಅನಿಲ ಎಷ್ಟು ಸೇರಿದೆ ಎಂದು ತೋರಿಸುವ ಕಾರ್ಬಾಕ್ಸಿ ಹಿಮೋಗ್ಲೋಬಿನ್ ರಕ್ತಪರೀಕ್ಷೆ ಆಗಬೇಕೇ ಎಂದು ಕೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿತು ಎಂದು ಸುಮ್ಮನಾಗಬೇಡಿ. ಆಮ್ಲಜನಕ ಹಿಡಿದ ರಕ್ತ ಯಾವುದು, ಈ ವಿಷಾನಿಲ ಹಿಡಿದ ರಕ್ತ ಯಾವುದು ಎಂಬುದು ಸಾಮಾನ್ಯ ಆಕ್ಸಿಮೀಟರ್‌ಗೆ ತಿಳಿಯುವುದಿಲ್ಲ.

ಗೀಸರ್ ಕೋಣೆಯಿಂದ ಹೊರಗೆ ಹೋಗಲಿ, ಇಲ್ಲವೇ ವಿದ್ಯುತ್ತಿನದು ಬರಲಿ. ಆಮೇಲೆ ಸದ್ದಿನ ಮಾತು. ಮಲಗುವ ಒಬ್ಬೊಬ್ಬರಿಗೂ ಸೆಕೆಂಡಿಗೆ ಸುಮಾರು 7 ಲೀಟರ್ ಹೊಸ ಗಾಳಿ ಬೇಕು. ಗಾಳಿ ಬರಲಿ, ಸದ್ದು ಬಾರದಿರಲಿ ಎಂದರೆ ವೆಂಟಿಲೇಟರ್‌ಗೆ ಒಂದು ಮೀಟರ್ ಉದ್ದದ ಡಕ್ಟ್ ಜೋಡಿಸಿ, ಅದರಲ್ಲಿ ಎರಡು ತಿರುವು ಕೊಡಿ, ಒಳಮೈಗೆ 50 ಮಿ.ಮೀ. ಮಿನರಲ್ ವುಲ್ ಹೊದಿಸಿ. ವುಲ್ ಎಳೆ ಗಾಳಿಗೆ ಬಾರದಂತೆ ಮೇಲೆ ಬಟ್ಟೆ, ಅದರ ಮೇಲೆ ತೂತಿನ ತಗಡು. ತಿರುವಿನಲ್ಲಿ ಗಾಳಿ ಕುಗ್ಗುವುದರಿಂದ ಸಣ್ಣ ಫ್ಯಾನ್ ಬೇಕಾಗುತ್ತದೆ.

ಗುಂಪಿನಲ್ಲಿ ತಿರುಗುತ್ತಿರುವ "ಎಲ್ಲ ರಂಧ್ರ ಮುಚ್ಚಿ, ನೆಮ್ಮದಿಯಾಗಿ ಮಲಗಿ" ಎಂಬ ಫಾರ್ವರ್ಡ್ ಅಳಿಸಿ. ಅದು ಜೀವ ತೆಗೆಯುತ್ತದೆ.

ಹಸಿರುಬೇಲಿ: ಕಾಂಪೌಂಡ್ ಸುತ್ತ ಎತ್ತರದ ಮರ ಹಾಕಿದರೆ?

ಧ್ವನಿ ಎಂಜಿನಿಯರ್: ನೆರಳಿಗೆ ಹಾಕಿ. ಸದ್ದು ಮೇಲಿನಿಂದ ಬರುತ್ತಿದೆ.

ಬೇಲಿಯಂಚು: ನಮ್ಮದು ರನ್‌ವೇಯ ಹಿಂಬದಿಗೆ 2.5 ಕಿ.ಮೀ. ವಿಮಾನ ತಲೆಯ ಮೇಲೆ ಬರುವುದೇ ಇಲ್ಲ. ಆದರೂ ಬೆಳಗಿನ ಜಾವ ಗುಡುಗಿದ ಹಾಗೆ, ಕಪಾಟಿನ ಪಾತ್ರೆ ಅದುರುತ್ತವೆ. ನಿಲ್ದಾಣದ ಕಡೆಯವರು ಅಳೆದು 52 ಡೆಸಿಬೆಲ್, ಏನೂ ಇಲ್ಲ ಎಂದರು.

ಧ್ವನಿ ಎಂಜಿನಿಯರ್: ಇದು ಒಳ್ಳೆಯ ಪ್ರಶ್ನೆ. ಅವರ ಅಂಕಿಯೂ ಸರಿ, ನಿಮ್ಮ ದೂರೂ ಸರಿ ಇರಬಹುದು. ಅಳತೆ ಎ-ತೂಕದಲ್ಲಿ ಆಗಿದೆ. ಕಿವಿ ಸಣ್ಣ ಸದ್ದನ್ನು ಕೇಳುವ ರೀತಿಗೆ ಹೊಂದಿಸಿದ ಆ ಮಾಪನ 50 ಹರ್ಟ್ಸ್‌ನಲ್ಲಿ 30 ಡೆಸಿಬೆಲ್, 31.5 ಹರ್ಟ್ಸ್‌ನಲ್ಲಿ 39 ಡೆಸಿಬೆಲ್ ಕಳೆಯುತ್ತದೆ. ಪಾತ್ರೆ ಅದುರಿಸುವುದು ಅದೇ ಕೆಳಗಿನ ಪಟ್ಟಿ. ಟೇಕಾಫ್‌ಗೆ ಎಂಜಿನ್ ಪೂರ್ಣ ಶಕ್ತಿಗೆ ಏರಿದಾಗ ಜೆಟ್‌ನ ಕೆಳಸ್ವರ ನೇರ ಹಿಂದಕ್ಕಲ್ಲ, ಎರಡೂ ಬದಿಗೆ ಓರೆಯಾಗಿ ಹಿಂದಕ್ಕೆ ಹರಡುತ್ತದೆ. ಹಾಗಾಗಿ ಒಂದು ಬೀದಿಗೆ ಕೇಳಿದ್ದು ಪಕ್ಕದ ಬೀದಿಗೆ ಕೇಳದಿರಬಹುದು. ಬೆಳಗಿನ ಜಾವ ನೆಲದ ಹತ್ತಿರ ತಂಪು ಗಾಳಿ, ಮೇಲೆ ಬೆಚ್ಚನೆಯದು ಇದ್ದರೆ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೇ ಬರುತ್ತದೆ.

ಮೊದಲು ಖಚಿತ ಮಾಡಿಕೊಳ್ಳಿ. ಸದ್ದು 2.5 ಕಿ.ಮೀ. ಬರಲು ಸುಮಾರು 7 ಸೆಕೆಂಡ್ ಬೇಕು. ವಿಮಾನ ಓಟ ಶುರುಮಾಡಿದ 7 ಸೆಕೆಂಡಿಗೆ ಅದುರು ಆರಂಭವಾದರೆ ಮೂಲ ಅದೇ. ಟೇಕಾಫ್ ಇಲ್ಲದಾಗಲೂ ನಿಮಿಷಗಟ್ಟಲೆ ಬಂದರೆ ರಿಪೇರಿ ಜಾಗದ ಎಂಜಿನ್ ಪರೀಕ್ಷೆ ಇರಬೇಕು, ಅದನ್ನು ತಡೆಗೋಡೆಯ ಆವರಣಕ್ಕೆ ಸ್ಥಳಾಂತರಿಸಲು ಕೇಳಬಹುದು. ಆಮೇಲೆ ಲಿಖಿತವಾಗಿ ಕೇಳಬೇಕಾದದ್ದು: ಎ ತೂಕ ಮತ್ತು ಕೆಳಸ್ವರವನ್ನು ಅಷ್ಟಾಗಿ ಕಳೆಯದ ಸಿ ತೂಕ, ಎರಡರ ಅಳತೆ ಒಟ್ಟಿಗೆ, 20ರಿಂದ 200 ಹರ್ಟ್ಸ್‌ವರೆಗೆ ಮೂರನೇ ಒಂದು ಅಷ್ಟಕದ (ಆಕ್ಟೇವ್) ಪಟ್ಟಿಗಳು, ಅಂದರೆ ಸ್ವರವನ್ನು ಸಣ್ಣ ಸಣ್ಣ ಭಾಗ ಮಾಡಿದ ಅಳತೆ, ಹೊರಗೂ ಕೋಣೆಯೊಳಗೂ. ಸಿ ಅಂಕಿ ಎ ಅಂಕಿಗಿಂತ 20 ಡೆಸಿಬೆಲ್ ಮೇಲಿದ್ದರೆ ಕೆಳಸ್ವರದ ತೊಂದರೆ ಎಂದು ಕೂತು ಮಾತಾಡಲು ಸಾಕು.

ಬೇಲಿಗೆ 3 ಮೀಟರ್ ಗೋಡೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. 50 ಹರ್ಟ್ಸ್ ಅಲೆಯ ಉದ್ದ 6.8 ಮೀಟರ್, ಅದು ಗೋಡೆ ಹತ್ತಿ ಇಳಿಯುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ನಿಲ್ದಾಣದಲ್ಲಿ 2003ರಲ್ಲಿ ತೆರೆದ ರನ್‌ವೇ ಹಿಂದೆ ಇದೇ ತೊಂದರೆ ಬಂತು. ಹೊಲ ಉತ್ತ ಮೇಲೆ ಸದ್ದು ತಗ್ಗುವುದು ಗಮನಕ್ಕೆ ಬಂದು, ಅಲ್ಲಿ ಸಾಲುಸಾಲು ಮಣ್ಣಿನ ದಿಬ್ಬಗಳ ಉದ್ಯಾನ ಮಾಡಿದರು. ನೆಲಕ್ಕೆ ಅಂಟಿ ಬರುವ ಸದ್ದನ್ನು ಆ ಸಾಲುಗಳು ಚದುರಿಸುತ್ತವೆ. ಅದಕ್ಕೆ ಬಹಳ ಜಾಗ ಬೇಕು. ಬೆಳಗಿನ ಜಾವ ಇನ್ನೊಂದು ರನ್‌ವೇ ಬಳಸಿ ಎಂದು ಕೇಳುವುದು ಬೇಗ ಫಲ ಕೊಡುವ ದಾರಿ. ಮನೆಯಲ್ಲಿ ಕಿಟಕಿ ಗಾಜಿನ ಬೀಡಿಂಗ್ ಬಿಗಿ ಮಾಡಿ, ಕಪಾಟನ್ನು ಗೋಡೆಯಿಂದ ಬಿಡಿಸಿ. ಅದುರುವ ಶಬ್ದ ನಿಂತರೆ ಅರ್ಧ ಕಿರಿಕಿರಿ ಹೋಗುತ್ತದೆ.

ಲೆಕ್ಕದವ: ವಿಮಾನ ನಿಲ್ದಾಣ ಇದ್ದ ಮೇಲೇ ಅಲ್ಲವೇ ಮನೆ ಕಟ್ಟಿದ್ದು? ಈಗ ಗೋಳಾಡಿದರೆ? ಹೊಸ ವಿಮಾನಗಳು ಸದ್ದೇ ಮಾಡುವುದಿಲ್ಲ.

ಪೂರ್ವದಿಕ್ಕು: ನಿಲ್ದಾಣ ಇತ್ತು, ನಮ್ಮ ಮೇಲೆ ದಾರಿ ಇರಲಿಲ್ಲ. ಮೊದಲು ಹತ್ತು ಬಡಾವಣೆಗೆ ಹಂಚಿಹೋಗುತ್ತಿದ್ದವು, ಈಗ ಎಲ್ಲವೂ ನಮ್ಮ ತಾರಸಿಯ ಮೇಲೆ ಗೆರೆ ಎಳೆದ ಹಾಗೆ. ನಿಮ್ಮ ಮೇಲೆ ಹೋದರೆ ಗೊತ್ತಾಗುತ್ತಿತ್ತು.

ಲೆಕ್ಕದವ: ಒಂದು ಬಡಾವಣೆಗೆ ತೊಂದರೆಯಾಗಿ ಒಂಬತ್ತಕ್ಕೆ ನೆಮ್ಮದಿ ಸಿಕ್ಕರೆ ತಪ್ಪೇನು?

ಪೂರ್ವದಿಕ್ಕು: ಆ ಒಂದು ನಿಮ್ಮದಾಗಲಿ, ಆಮೇಲೆ ಹೇಳಿ.

ನಿರ್ವಾಹಕರು: ಇಬ್ಬರೂ ಸಮಾಧಾನ.

ಧ್ವನಿ ಎಂಜಿನಿಯರ್: ಲೆಕ್ಕದವರೇ, ಲೆಕ್ಕವನ್ನೇ ನೋಡಿ. ಒಂದೊಂದು ವಿಮಾನ 3 ಡೆಸಿಬೆಲ್ ಕಡಿಮೆ ಸದ್ದು ಮಾಡಿ, ಸಂಖ್ಯೆ ದುಪ್ಪಟ್ಟಾದರೆ ಸರಾಸರಿ ಇದ್ದಲ್ಲೇ ಇರುತ್ತದೆ. ಸದ್ದಿನ ಮಟ್ಟ ತೋರಿಸುವ ನಕ್ಷೆಯ ಗೆರೆ ಕದಲುವುದಿಲ್ಲ, ನಿದ್ದೆ ಕೆಡಿಸುವ ಸಲಗಳು ಮಾತ್ರ ಎರಡರಷ್ಟು. ರಾತ್ರಿಯ ಸದ್ದಿಗೆ 10 ಡೆಸಿಬೆಲ್ ಸೇರಿಸಿ ಲೆಕ್ಕ ಹಾಕುವುದರಿಂದ ರಾತ್ರಿಯ ಒಂದು ವಿಮಾನ ಹಗಲಿನ ಹತ್ತಕ್ಕೆ ಸಮ. 2018ರ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಮಾರ್ಗಸೂಚಿ ವಿಮಾನದ ಸದ್ದು ಇಡೀ ದಿನಕ್ಕೆ 45, ರಾತ್ರಿಗೆ 40 ಡೆಸಿಬೆಲ್ ಒಳಗಿರಲಿ ಎನ್ನುತ್ತದೆ.

ವಿಮಾನಗಳನ್ನು ಒಂದೇ ಗೆರೆಯಲ್ಲಿ ನಡೆಸುವ ಉಪಗ್ರಹ ಆಧಾರಿತ ದಾರಿಗಳು ಬಂದಲ್ಲೆಲ್ಲ ಪೂರ್ವದಿಕ್ಕಿನವರ ದೂರು ಇದೆ. ಅಮೆರಿಕದ ಫೀನಿಕ್ಸ್‌ನಲ್ಲಿ 2014ರಲ್ಲಿ ಜನರನ್ನು ಸರಿಯಾಗಿ ಕೇಳದೆ ದಾರಿ ಬದಲಿಸಿದರು, 2017ರಲ್ಲಿ ಮೇಲ್ಮನವಿ ನ್ಯಾಯಾಲಯ ನಗರದ ಪರ ತೀರ್ಪು ಕೊಟ್ಟಿತು. ಲಂಡನ್‌ನ ಹೀಥ್ರೂದಲ್ಲಿ ಪಶ್ಚಿಮಮುಖವಾಗಿ ಹಾರುವ ದಿನಗಳಲ್ಲಿ ಮಧ್ಯಾಹ್ನ 3ಕ್ಕೆ ಇಳಿಯುವ ರನ್‌ವೇ ಬದಲಾಗುತ್ತದೆ, ವೇಳಾಪಟ್ಟಿ ಮೊದಲೇ ಪ್ರಕಟವಾಗುತ್ತದೆ. ಸದ್ದು ಅಷ್ಟೇ ಇದ್ದರೂ ಬಿಡುವು ಯಾವಾಗ ಎಂದು ಜನಕ್ಕೆ ಗೊತ್ತಿರುತ್ತದೆ. ಸಭೆಗೆ ಹೋಗಿ "ಸದ್ದು ನಿಲ್ಲಿಸಿ" ಎಂದರೆ ಯಾರೂ ಬರೆದುಕೊಳ್ಳುವುದಿಲ್ಲ. ಬಿಡುವಿನ ವೇಳಾಪಟ್ಟಿ ಕೊಡಿ, ಸರಾಸರಿಯ ಜೊತೆಗೆ ದಿನಕ್ಕೆ 70 ಡೆಸಿಬೆಲ್ ದಾಟಿದ ವಿಮಾನಗಳ ಸಂಖ್ಯೆ ಪ್ರಕಟಿಸಿ ಎಂದು ಕೇಳಿ.

ಸಂಘದ ಕಾರ್ಯದರ್ಶಿ: 200 ಮನೆಯವರಿಂದ ಒಂದೇ ದೂರುಪತ್ರಕ್ಕೆ ಸಹಿ ಹಾಕಿಸಿದ್ದೇವೆ. ಉತ್ತರವಿಲ್ಲ.

ಧ್ವನಿ ಎಂಜಿನಿಯರ್: ಸಹಿಪತ್ರವನ್ನು ಒಂದು ದೂರು ಎಂದೇ ಎಣಿಸುತ್ತಾರೆ. ದಿನಾಂಕ, ನಿಮಿಷದವರೆಗೆ ಸಮಯ, ಏರುತ್ತಿತ್ತೋ ಇಳಿಯುತ್ತಿತ್ತೋ, ಬೀದಿ, ಏನು ಕೆಟ್ಟಿತು: ಇಷ್ಟು ಬರೆದರೆ ರೇಡಾರ್ ದಾಖಲೆಯ ಜೊತೆ ತಾಳೆ ನೋಡಬಹುದು. "ದಿನವಿಡೀ" ಎಂದು ಬರೆದರೆ ಆಗದು.

ತುದಿಮನೆ: ಇಳಿಯುವ ಕೆಲವು ವಿಮಾನ ಶಿಳ್ಳೆ ಹಾಕುತ್ತವಲ್ಲ, ಏಕೆ?

ಧ್ವನಿ ಎಂಜಿನಿಯರ್: ಏರ್‌ಬಸ್ ಎ320 ಕುಟುಂಬದ ಹಳೆಯ ವಿಮಾನಗಳು. ರೆಕ್ಕೆಯ ಕೆಳಗೆ ಇಂಧನ ಟ್ಯಾಂಕಿನ ಒತ್ತಡ ಸರಿದೂಗಿಸುವ ದುಂಡು ತೂತುಗಳಿವೆ, ಬಾಟಲಿ ಬಾಯಿಗೆ ಊದಿದ ಹಾಗೆ ಗಾಳಿ ಅಲ್ಲಿ ಸ್ವರ ಹೊರಡಿಸುತ್ತದೆ. ತೂತಿನ ಮುಂದೆ ಸಣ್ಣ ತಗಡಿನ ತುಂಡು ಕೂರಿಸಿದರೆ ನಿಲ್ಲುತ್ತದೆ. ಲುಫ್ತಾನ್ಸಾ 2014ರಿಂದ ಹಾಕಿಸಿತು. ನಿಮ್ಮ ಮೇಲೆ ಹಾರುವ ಕಂಪನಿಗಳು ಹಾಕಿಸಿವೆಯೇ ಎಂದು ಸಭೆಯಲ್ಲಿ ಕೇಳಿ.

ಮಾರಾಟಕ್ಕಿದೆ: ಇಂಥ ಕಡೆ ಸೈಟು ತೆಗೆದುಕೊಳ್ಳಬಹುದಾ ಮೇಡಂ?

ಹೊಸ ಸದಸ್ಯ: ಮೊಬೈಲ್ ಆ್ಯಪ್‌ನಲ್ಲಿ 91 ತೋರಿಸಿತು. ಕೋರ್ಟಿಗೆ ಹೋಗಬಹುದಾ? ಮೊಟ್ಟೆ ಟ್ರೇ ಹಾಕಿದರೆ ಕಡಿಮೆಯಾಗುತ್ತದಾ?

ಧ್ವನಿ ಎಂಜಿನಿಯರ್: ಮೊಟ್ಟೆ ಟ್ರೇ, ಮೇಲೆ ಓದಿ. ಆ್ಯಪ್ ಅಂಕಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಸಾಕ್ಷಿಗೆ ಬೇಕಾದದ್ದು: ಅತಿ ನಿಖರ ದರ್ಜೆಯ ಕ್ಲಾಸ್ 1 ಮೀಟರ್, ಅಳತೆಗೆ ಮೊದಲೂ ಆಮೇಲೂ 94 ಡೆಸಿಬೆಲ್ ಕ್ಯಾಲಿಬ್ರೇಟರ್‌ನಲ್ಲಿ ತಪಾಸಣೆ, ಗೋಡೆಯಿಂದ 3.5 ಮೀಟರ್ ದೂರ, ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್ ಒಳಗೆ.

ಲೆಕ್ಕದವ: ಎಲ್ಲ ದೂರುವವರಿಗೇ ಹೇಳಿಕೊಡುತ್ತೀರಿ. ನಿಲ್ದಾಣದಿಂದ ಕೆಲಸ ಸಿಕ್ಕವರ ಮಾತು ಯಾರು ಆಡುತ್ತಾರೆ?

ಪೂರ್ವದಿಕ್ಕು: ನೀವೇ ಆಡುತ್ತಿದ್ದೀರಲ್ಲ, ಬೆಳಿಗ್ಗೆಯಿಂದ.

ಹಸಿರುಬೇಲಿ: ಬಾಗಿಲಿಗೆ ಒದ್ದೆ ಕಂಬಳಿ ಕಟ್ಟಿದರೆ ಶೇ. 80 ಕಡಿಮೆ ಅಂತ ಇನ್ನೊಂದು ಬಂದಿದೆ.

ಧ್ವನಿ ಎಂಜಿನಿಯರ್: ಇಲ್ಲ. ಇಂಥವು ಇನ್ನು ಹಾಕಬೇಡಿ.

ರಾತ್ರಿಪಾಳಿ: ಮೇಡಂ, ಟೇಪ್ ತೆಗೆದು ಎಲ್ಲ ತೆರೆದೆವು. ಆಸ್ಪತ್ರೆಗೆ ಹೊರಟಿದ್ದೇವೆ. ಮನೆಯವರಿಗೂ ತಲೆಭಾರ ಇದೆಯಂತೆ.

ಧ್ವನಿ ಎಂಜಿನಿಯರ್: ಅವರಿಗೂ ಪರೀಕ್ಷೆ ಮಾಡಿಸಿ, ಮಕ್ಕಳಿದ್ದರೆ ಅವರನ್ನೂ ಕರೆದೊಯ್ಯಿರಿ. ಗಾಡಿ ನೀವು ಓಡಿಸಬೇಡಿ. ಗೀಸರ್ ತೆಗೆಯುವವರೆಗೆ ಆ ಕೋಣೆಯಲ್ಲಿ ಯಾರೂ ಮಲಗುವುದು ಬೇಡ.