ಪಶ್ಚಿಮ ಕೀನ್ಯಾದ ಹಳ್ಳಿಗೆ ನಮ್ಮ ಸಭೆಯ ಸೇವಾ ಪ್ರವಾಸ: ಹೋಗಿಬಂದವರು ಏನು ಹೇಳುತ್ತೀರಿ?

ಕೋರಿಕೆ: ಯೌವನಸ್ಥರ ಸಂಘದ ಕಾರ್ಯದರ್ಶಿ, ಬೆಂಗಳೂರು

ಸಹೋದರ ಸಹೋದರಿಯರಿಗೆ ವಂದನೆಗಳು. ಬರುವ ಆಗಸ್ಟ್ ತಿಂಗಳಿನಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆಯ ಹನ್ನೆರಡು ಮಂದಿ ಕೀನ್ಯಾ ದೇಶದ ಪಶ್ಚಿಮ ಭಾಗದಲ್ಲಿ, ಕಿಸುಮು ನಗರದಿಂದ ಒಳಕ್ಕಿರುವ ಒಂದು ಹಳ್ಳಿಯಲ್ಲಿ, ಸುಮಾರು ಎರಡು ವಾರ ಸೇವೆ ಮಾಡಬೇಕೆಂದು ನಿಶ್ಚಯಿಸಿದ್ದೇವೆ. ಗುಂಪಿನಲ್ಲಿ ಒಬ್ಬ ವೈದ್ಯರು, ಇಬ್ಬರು ನರ್ಸ್‌ಗಳು, ಎಚ್.ಎ.ಎಲ್. ಉದ್ಯೋಗಿ ಒಬ್ಬರು ಇದ್ದಾರೆ. ಉಳಿದವರು ಕಾಲೇಜು ವಿದ್ಯಾರ್ಥಿಗಳು ಮತ್ತು ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವವರು. ಉಚಿತ ವೈದ್ಯಕೀಯ ಶಿಬಿರ, ಮಕ್ಕಳಿಗೆ ವಿ.ಬಿ.ಎಸ್. (ರಜಾಕಾಲದ ಬೈಬಲ್ ಶಾಲೆ), ಶಾಲೆಯ ಗೋಡೆಗೆ ಬಣ್ಣ ಬಳಿಯುವುದು, ಬಟ್ಟೆ ಹಂಚುವುದು ಮತ್ತು ಒಂದು ಅನಾಥಾಲಯದ ಭೇಟಿ ನಮ್ಮ ಕಾರ್ಯಕ್ರಮದಲ್ಲಿವೆ. ವಿಶೇಷ ಕಾಣಿಕೆಯಿಂದ ಸ್ವಲ್ಪ ಹಣವೂ ಕೂಡಿದೆ. ಇಂಥ ಪ್ರವಾಸದ ಅನುಭವವಿರುವ ಹಿರಿಯರು ನಮ್ಮ ಯೋಜನೆಯನ್ನು ನೋಡಿ, ತಿದ್ದಬೇಕಾದದ್ದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಪೂರ್ವ ಆಫ್ರಿಕಾದ ಸಭೆಗಳೊಂದಿಗೆ ಕೆಲಸ ಮಾಡಿ ಬಂದವರು, ಲಿಂಗರಾಜಪುರ

ಕಾರ್ಯದರ್ಶಿಯವರೇ, ನಿಮ್ಮ ಪಟ್ಟಿಯನ್ನು ಓದಿದೆ. ಅದರಲ್ಲಿ ಯಾವುದು ಆ ಹಳ್ಳಿಯ ಸಭೆಯವರು ಬಾಯಿಬಿಟ್ಟು ಕೇಳಿದ ಕೆಲಸ, ಯಾವುದು ಇಲ್ಲಿ ಕಮಿಟಿಯಲ್ಲಿ ಕುಳಿತು ಸೇರಿಸಿದ್ದು ಎಂಬುದು ತಿಳಿಯುವುದಿಲ್ಲ. ಮೊದಲು ಅದನ್ನು ಬೇರ್ಪಡಿಸಿರಿ. ಅವರು ಕೇಳದೆ ಇದ್ದದ್ದನ್ನು ಸಂಕೋಚವಿಲ್ಲದೆ ಹೊಡೆದುಹಾಕಿರಿ.

ನೀವು ಹೋಗುತ್ತಿರುವುದು ಸುವಾರ್ತೆಯನ್ನು ಕೇಳದ ನಾಡಿಗಲ್ಲ. 2019ರ ಜನಗಣತಿಯಂತೆ ಕೀನ್ಯಾದ ಜನರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಕ್ರೈಸ್ತರೇ ಆಗಿದ್ದಾರೆ, ಮತ್ತು 1930ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲಿ ಹಬ್ಬಿದ ಉಜ್ಜೀವನದ, ಅಂದರೆ ಆತ್ಮಿಕ ಜಾಗೃತಿಯ, ಪ್ರಭಾವ ಅಲ್ಲಿನ ಸಭೆಗಳಲ್ಲಿ ಇಂದಿಗೂ ಕಾಣುತ್ತದೆ. ಭಾನುವಾರದ ಆರಾಧನೆ ಮಧ್ಯಾಹ್ನ ಮೀರಿದರೂ ಯಾರೂ ಗಡಿಯಾರ ನೋಡುವುದಿಲ್ಲ. ಅತಿಥಿಗಳನ್ನೆಲ್ಲ ಎದ್ದು ನಿಲ್ಲಿಸಿ ನಾಲ್ಕು ಮಾತು ಹೇಳಿಸುವುದು ಅವರ ವಾಡಿಕೆಯಾದ್ದರಿಂದ, ಗುಂಪಿನ ಪ್ರತಿಯೊಬ್ಬರೂ ಚಿಕ್ಕ ವಂದನೆಯೊಂದನ್ನು ಸಿದ್ಧಮಾಡಿಕೊಂಡಿರಲಿ; ಪ್ರಸಂಗವನ್ನು ಅಲ್ಲಿನ ಸಭಾಪಾಲಕರಿಗೇ ಬಿಡುವುದು ಒಳ್ಳೆಯದು. ಆರಾಧನೆ ಮುಗಿದ ಬಳಿಕ ಕಾಣಿಕೆಯಾಗಿ ಬಂದ ಕೋಳಿ, ಮೊಟ್ಟೆ, ಬಾಳೆಗೊನೆಗಳನ್ನು ನಮ್ಮ ಸುಗ್ಗಿ ಹಬ್ಬದಂತೆಯೇ ಹೊರಗೆ ಹರಾಜು ಹಾಕುವುದುಂಟು. ಅಲ್ಲಿ ನಮ್ಮ ಹುಡುಗರು ಉತ್ಸಾಹದಿಂದ ಒಂದು ಕೋಳಿಗೆ ಹತ್ತುಪಟ್ಟು ಬೆಲೆ ಕೂಗುವುದನ್ನು ನಾನು ನೋಡಿದ್ದೇನೆ. ಹೊರಗಿನವರು ಹಾಗೆ ಕೂಗಿದರೆ ಆ ಕೋಳಿಯನ್ನು ಕೊಳ್ಳಬೇಕೆಂದು ಮುಷ್ಟಿಯಲ್ಲಿ ಚಿಲ್ಲರೆ ಹಿಡಿದು ನಿಂತಿದ್ದ ಊರಿನವರು ಹಿಂದೆ ಸರಿಯುತ್ತಾರೆ. ಊರಿನವರ ದರಕ್ಕಿಂತ ಸ್ವಲ್ಪವೇ ಮೇಲೆ ಕೂಗಿರಿ.

ಬಟ್ಟೆಯನ್ನು ಕೊಂಡೊಯ್ಯಲೇಬೇಡಿರಿ. ಮಿಟುಂಬಾ ಎಂದು ಕರೆಯುವ ಹಳೆಯ ಬಟ್ಟೆಗಳ ವ್ಯಾಪಾರ ಆ ದೇಶದಲ್ಲಿ ದೊಡ್ಡ ಉದ್ಯಮ. ನೈರೋಬಿಯ ಗಿಕೊಂಬಾ ಮಾರುಕಟ್ಟೆಯಲ್ಲಿ ಅದರ ರಾಶಿ ಬಿದ್ದಿರುತ್ತದೆ, ಅಲ್ಲಿಂದ ಹಳ್ಳಿಯ ಸಂತೆಯವರೆಗೂ ಹೋಗುತ್ತದೆ. ನೀವು ಸೂಟ್‌ಕೇಸಿನಲ್ಲಿ ತೂಕ ಕಟ್ಟಿ ಒಯ್ದ ಬಟ್ಟೆಯಿಂದ ಆಗುವುದೆಂದರೆ ಸಂತೆಯಲ್ಲಿ ಅದನ್ನೇ ಮಾರುವ ಹೆಂಗಸಿನ ಒಂದು ವಾರದ ವ್ಯಾಪಾರ ಕೆಡುವುದು. ಜೊತೆಗೆ, ನಾವು ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡುವ ಜನ. ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು 2017ರ ಆಗಸ್ಟ್ 28ರಿಂದ ನಿಷೇಧಿಸಲಾಗಿದೆ. ಬಟ್ಟೆಯ ಚೀಲ ಬಳಸಿರಿ.

ಅನಾಥಾಲಯದ ಭೇಟಿಯನ್ನೂ ಬಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸರ್ಕಾರವು 2017ರಲ್ಲಿ ಹೊಸ ಮಕ್ಕಳ ಸಂಸ್ಥೆಗಳ ನೋಂದಣಿಯನ್ನೇ ನಿಲ್ಲಿಸಿತು, ಮತ್ತು ಮಕ್ಕಳನ್ನು ಸಂಸ್ಥೆಗಳಿಂದ ಕುಟುಂಬಗಳಿಗೆ ಮರಳಿಸುವ ಹತ್ತು ವರ್ಷಗಳ ಯೋಜನೆಯನ್ನು 2022ರಲ್ಲಿ ಆರಂಭಿಸಿತು. ಭೇಟಿ ನೀಡುವವರು ಹೆಚ್ಚಿದಷ್ಟೂ, ತಂದೆಯೋ ತಾಯಿಯೋ ಇರುವ ಮಕ್ಕಳನ್ನು ಸಹ ತಂದಿಟ್ಟುಕೊಳ್ಳುವ ಆಸೆ ಕೆಲವು ಸಂಸ್ಥೆಗಳಿಗೆ ಹುಟ್ಟುತ್ತದೆ. ಎರಡು ಗಂಟೆ ಹಾಡಿ, ಎತ್ತಿ ಮುದ್ದಾಡಿ, ಫೋಟೋ ತೆಗೆದು ಹೊರಟುಬಿಡುವುದರಿಂದ ಆ ಮಕ್ಕಳಿಗೆ ಏನೂ ಒದಗುವುದಿಲ್ಲ. ಫೋಟೋಗಳ ವಿಷಯದಲ್ಲಿ 2019ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವಿನ ಮುಖವನ್ನೂ ಸಭೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿರಿ.

ಬಣ್ಣದ ಕೆಲಸವನ್ನು ಹಳ್ಳಿಯ ಪೇಂಟರುಗಳಿಗೆ ಕೂಲಿ ಕೊಟ್ಟು ಮಾಡಿಸಿ, ನಿಮ್ಮ ಹುಡುಗರು ಅವರ ಕೈಕೆಳಗೆ ನಿಂತು ಬಕೆಟ್ ಹಿಡಿಯಲಿ. ವಿ.ಬಿ.ಎಸ್. ಮಾತ್ರ ಇರಲಿ, ಏಕೆಂದರೆ ಆಗಸ್ಟ್‌ನಲ್ಲಿ ಶಾಲೆಗೆ ರಜೆ ಇರುತ್ತದೆ; ಆದರೆ ಆ ಭಾಗದ ಚಿಕ್ಕ ಮಕ್ಕಳ ಮನೆಮಾತು ಲುವೋ ಆದ್ದರಿಂದ, ಮಕ್ಕಳಿಗೆ ಕಲಿಸುವವರು ಅಲ್ಲಿನ ಭಾನುವಾರ ಶಾಲೆಯ ಶಿಕ್ಷಕರೇ ಆಗಿರಬೇಕು.

ಊರು ತಲುಪಿದ ದಿನವೇ ಸಭಾಪಾಲಕರೊಂದಿಗೆ ಚೀಫ್ ಕಚೇರಿಗೆ ಹೋಗಿ ಬನ್ನಿರಿ. ಚೀಫ್ ಎಂದರೆ ಅಲ್ಲಿ ಸರ್ಕಾರಿ ಅಧಿಕಾರಿ. 2023ರಲ್ಲಿ ಷಕಹೋಲಾ ಕಾಡಿನಲ್ಲಿ ಬೋಧಕನೊಬ್ಬನ ಮಾತು ಕೇಳಿ ಉಪವಾಸ ಬಿದ್ದ ಜನರಲ್ಲಿ 400ಕ್ಕೂ ಹೆಚ್ಚು ಮಂದಿ ಸತ್ತ ಮೇಲೆ, ಹೊರಗಿನಿಂದ ಬರುವ ಧಾರ್ಮಿಕ ಗುಂಪುಗಳ ಬಗ್ಗೆ ಅಧಿಕಾರಿಗಳು ವಿಚಾರಿಸುವುದು ಸಹಜವೇ ಆಗಿದೆ. 2024ರ ಜನವರಿಯಿಂದ ವೀಸಾ ಬದಲಿಗೆ ಇಲೆಕ್ಟ್ರಾನಿಕ್ ಪ್ರಯಾಣ ಅನುಮತಿ ಪಡೆಯಬೇಕು. ಅದರ ಅರ್ಜಿಯಲ್ಲಿಯೂ ಆಹ್ವಾನ ಪತ್ರದಲ್ಲಿಯೂ ನಿಜವಾದ ಉದ್ದೇಶವನ್ನೇ ಬರೆಯಿರಿ.

ಉತ್ತರ: ಸಭೆಯೊಂದರ ಖಜಾಂಚಿ, ವೃತ್ತಿಯಿಂದ ಲೆಕ್ಕಪರಿಶೋಧಕರು

ಕಾಣಿಕೆಯ ಹಣದ ವಿಚಾರವನ್ನು ಯಾರೂ ಎತ್ತದಿರುವುದರಿಂದ ಬರೆಯುತ್ತಿದ್ದೇನೆ. ಟ್ರಸ್ಟ್ ಆಗಿ ನೋಂದಾಯಿತವಾದ ಸಂಸ್ಥೆಗೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದು ಅದರ ಹಣ ಭಾರತದೊಳಗಿನ ಧರ್ಮಕಾರ್ಯಗಳಿಗೆ ವಿನಿಯೋಗವಾದಾಗ. ದೇಶದ ಹೊರಗೆ ಮಾಡಿದ ವೆಚ್ಚಕ್ಕೆ ಕೇಂದ್ರ ನೇರ ತೆರಿಗೆ ಮಂಡಳಿಯ ಆದೇಶವಿಲ್ಲದೆ ಆ ವಿನಾಯಿತಿ ದೊರೆಯುವುದಿಲ್ಲ. ಆದಕಾರಣ ಸಭೆಯ ಖಾತೆಯಿಂದ ಕಿಸುಮುವಿಗೆ ಹಣ ಕಳುಹಿಸುವ ನಿರ್ಣಯವನ್ನು ಕಮಿಟಿ ಕೈಗೊಳ್ಳುವ ಮೊದಲೇ ನಿಮ್ಮ ಲೆಕ್ಕಪರಿಶೋಧಕರ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಪಡೆಯಿರಿ. ಪ್ರಯಾಣಿಕರು ತಮ್ಮ ಟಿಕೆಟ್ಟು, ಖರ್ಚು, ವೈಯಕ್ತಿಕ ಸಹಾಯ ಎಲ್ಲವನ್ನೂ ಸ್ವಂತ ಖಾತೆಯಿಂದ ಭರಿಸುವುದು ಸರಳವಾದ ದಾರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್ ವರೆಗೆ ಹೊರದೇಶಕ್ಕೆ ಕಳುಹಿಸಬಹುದು. ನೋಟುಗಳಾಗಿ ಕೈಯಲ್ಲಿ ಒಯ್ಯುವುದಕ್ಕೆ ಸಾಮಾನ್ಯವಾಗಿ ಪ್ರವಾಸವೊಂದಕ್ಕೆ 3,000 ಡಾಲರ್ ಮಿತಿಯಿದೆ. ಹಳ್ಳಿಯಲ್ಲಿ ನೋಟಿಗಿಂತ ಎಂ-ಪೆಸಾ ಹೆಚ್ಚು ಓಡುತ್ತದೆ; 2007ರಿಂದ ನಡೆಯುತ್ತಿರುವ ಈ ಮೊಬೈಲ್ ಹಣದ ವ್ಯವಸ್ಥೆಯಲ್ಲಿ ಪ್ರತಿ ಪಾವತಿಗೂ ಸಂದೇಶ ಬರುವುದರಿಂದ ಲೆಕ್ಕ ಒಪ್ಪಿಸುವುದು ಸುಲಭ.

ಎಚ್.ಎ.ಎಲ್. ಸಹೋದರರು ಮಾತ್ರ ತಡಮಾಡಬಾರದು. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ 6ನೇ ಕಲಮಿನ ಪ್ರಕಾರ ಸರ್ಕಾರಿ ನೌಕರರಷ್ಟೇ ಅಲ್ಲದೆ ಸರ್ಕಾರದ ಒಡೆತನದ ಸಂಸ್ಥೆಗಳ ಉದ್ಯೋಗಿಗಳೂ ಹೊರದೇಶದವರ ಖರ್ಚಿನಲ್ಲಿ ಪ್ರಯಾಣ, ಊಟ, ವಸತಿಗಳನ್ನು ಸ್ವೀಕರಿಸಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಪಡೆಯಬೇಕು. ಅವರ ಖರ್ಚನ್ನು ಅವರೇ ಕೊಟ್ಟು ರಸೀದಿ ಇಟ್ಟುಕೊಳ್ಳಲಿ. ಕಚೇರಿಯ ಅನುಮತಿಯನ್ನು ಈಗಲೇ ಕೇಳಲಿ.

ಉತ್ತರ: ಸ್ತ್ರೀ ಅನ್ಯೋನ್ಯಕೂಟದ ಸದಸ್ಯೆ

ತಮ್ಮಾ, ಊಟದ ಚಿಂತೆಯನ್ನು ಬಿಟ್ಟುಬಿಡು. ಆ ಕಡೆಯ ಉಗಾಲಿ ಎಂಬ ಮುದ್ದೆ ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟಿನದಾದರೂ, ವಿಂಬಿ ಎಂದು ಅವರು ಕರೆಯುವ ರಾಗಿಯ ಹಿಟ್ಟನ್ನು ಬೆರೆಸಿಯೂ ಮಾಡುತ್ತಾರೆ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು. ಮುದ್ದೆ ತಿನ್ನುವ ಮನೆಯಲ್ಲಿ ಬೆಳೆದವರು ಅದನ್ನು ಕೈಯಲ್ಲಿ ಮುರಿದು ಸುಕುಮಾ ಸೊಪ್ಪಿನ ಪಲ್ಯದೊಂದಿಗೆ ತಿನ್ನಲು ಯಾರಿಂದಲೂ ಕಲಿಯಬೇಕಿಲ್ಲ. ಊಟಕ್ಕೆ ಮುಂಚೆ ಮನೆಯವರೊಬ್ಬರು ಹೂಜಿಯಿಂದ ಬೆಚ್ಚನೆಯ ನೀರನ್ನು ನಿಮ್ಮ ಕೈಗೆ ಹಾಕುತ್ತಾರೆ, ಕೆಳಗೆ ಬೋಗುಣಿ ಹಿಡಿದಿರುತ್ತಾರೆ. ಆಗ ಸ್ಯಾನಿಟೈಸರ್ ಬಾಟಲಿಯನ್ನು ಹೊರತೆಗೆಯಬೇಡಿರಿ. ನನ್ನ ಆಕ್ಷೇಪಣೆ ಇರುವುದು ನಿಮ್ಮ ಸಂಖ್ಯೆಯ ಬಗ್ಗೆ. ಹನ್ನೆರಡು ಮಂದಿಗೆ ಎರಡು ವಾರ ನೀರು ಹೊತ್ತು, ಸೌದೆ ಕೂಡಿಸಿ ಅಡುಗೆ ಮಾಡುವವರು ಆ ಸಭೆಯ ಹೆಂಗಸರು. ಆರೇಳು ಜನ ಹೋದರೆ ಸಾಲದೇ? ಊಟದ ಖರ್ಚನ್ನು ಹೋಗುವ ಮುಂಚೆಯೇ ಅವರ ಕೈಗೆ ಸೇರಿಸಿರಿ.

ಉತ್ತರ: ಶುಶ್ರೂಷಕಿ, ಸೇವಾ ಶಿಬಿರಗಳಲ್ಲಿ ಕೆಲಸ ಮಾಡಿದವರು

ವೈದ್ಯಕೀಯ ಶಿಬಿರದ ಬಗ್ಗೆ ನಾನು ಸ್ವಲ್ಪ ಖಡಾಖಂಡಿತವಾಗಿ ಹೇಳಬೇಕಾಗಿದೆ. ಹೊರದೇಶದ ವೈದ್ಯರು ಕೀನ್ಯಾದಲ್ಲಿ ಚಿಕಿತ್ಸೆ ನೀಡಬೇಕಾದರೆ ಅಲ್ಲಿನ ವೈದ್ಯಕೀಯ ಪರಿಷತ್ತಿನ ತಾತ್ಕಾಲಿಕ ಪರವಾನಗಿ ಬೇಕು. ನರ್ಸ್‌ಗಳಿಗೆ ನರ್ಸಿಂಗ್ ಪರಿಷತ್ತಿನದು ಬೇಕು. ಔಷಧಿ ಒಳತರಲು ಫಾರ್ಮಸಿ ಅಂಡ್ ಪಾಯ್ಸನ್ಸ್ ಬೋರ್ಡಿನ ಅನುಮತಿ ಬೇಕು. ಇವು ಸಿಗದಿದ್ದರೆ ಶಿಬಿರವನ್ನು ಕೈಬಿಡಿರಿ. ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ: ಸಾಲಿನಲ್ಲಿ ಬಂದ ಅಜ್ಜಿಯ ರಕ್ತದೊತ್ತಡ 190 ಇದೆ, ನೀವು ಅಮ್ಲೋಡಿಪಿನ್ ಮಾತ್ರೆಯ ಮೂರು ಪಟ್ಟಿಗಳನ್ನು ಅವರ ಕೈಗಿಟ್ಟಿರಿ. ತಿಂಗಳು ಕಳೆದ ಮೇಲೆ ಅವರು ಯಾರನ್ನು ಕೇಳಬೇಕು? ಅಲ್ಲಿನ ಸರ್ಕಾರ 2023ರಲ್ಲಿ ಸುಮಾರು ಒಂದು ಲಕ್ಷ ಸಮುದಾಯ ಆರೋಗ್ಯ ಕಾರ್ಯಕರ್ತರನ್ನು ನಿಯೋಜಿಸಿದೆ. ಇವರು ನಮ್ಮ ಆಶಾ ಕಾರ್ಯಕರ್ತೆಯರಂತೆ ಮನೆಮನೆ ಬಲ್ಲವರು. ನಿಮ್ಮ ವೈದ್ಯರು ಹತ್ತಿರದ ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಅವರ ಜೊತೆ ಕುಳಿತು ತಪಾಸಣೆ ಮಾಡಿ, ಹೆಸರುಗಳನ್ನು ಆ ಡಿಸ್ಪೆನ್ಸರಿಯ ಪುಸ್ತಕದಲ್ಲಿಯೇ ಬರೆಸಿದರೆ ಅಜ್ಜಿಗೆ ಮುಂದಿನ ತಿಂಗಳಿನ ಮಾತ್ರೆಗೆ ದಾರಿಯಿರುತ್ತದೆ.

ಹಳದಿ ಜ್ವರದ ಲಸಿಕೆಯನ್ನು ಮಾನ್ಯತೆ ಪಡೆದ ಕೇಂದ್ರದಲ್ಲಿಯೇ, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಿರಿ. ಅದರ ಪ್ರಮಾಣಪತ್ರ ಈಗ ಜೀವಮಾನವಿಡೀ ನಡೆಯುತ್ತದೆ. ಅದಿಲ್ಲದೆ ಕೀನ್ಯಾದಿಂದ ಹಿಂದಿರುಗಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅರವತ್ತು ದಾಟಿದವರು ಮತ್ತು ಗರ್ಭಿಣಿಯರು ಮೊದಲು ವೈದ್ಯರನ್ನು ಕಾಣಬೇಕು.

ಮರುಪ್ರಶ್ನೆ: ಕಾರ್ಯದರ್ಶಿ

ಎಲ್ಲರಿಗೂ ಕೃತಜ್ಞತೆಗಳು. ಮಲೇರಿಯಾ ಮಾತ್ರೆಯನ್ನು ಹೋಗುವ ಮುಂಚೆಯೂ ನುಂಗಬೇಕೇ? ನೈರೋಬಿಯಲ್ಲಿ ಅದರ ಭಯ ಕಡಿಮೆಯೆಂದು ಕೇಳಿದ್ದೇವೆ.

ಉತ್ತರ: ಶುಶ್ರೂಷಕಿ

ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಭಯ ಕಡಿಮೆ. ನೀವು ಹೋಗುವ ವಿಕ್ಟೋರಿಯಾ ಸರೋವರದ ಸೀಮೆಯಲ್ಲಿ ಅದು ಅತಿ ಹೆಚ್ಚು. ವೈದ್ಯರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ಹೊರಡುವ ಒಂದೆರಡು ದಿನ ಮೊದಲೇ ಆರಂಭಿಸಿ, ಮರಳಿದ ಮೇಲೆಯೂ 4 ವಾರ ದಿನಕ್ಕೊಂದರಂತೆ ತೆಗೆದುಕೊಳ್ಳಬೇಕು. ಊಟವಾದ ಮೇಲೆ ನುಂಗಿರಿ, ನುಂಗಿದ ಕೂಡಲೇ ಮಲಗಬೇಡಿರಿ. ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಜ್ವರವೆಂದರೆ ಡೆಂಗಿ ಎಂದುಕೊಳ್ಳುವುದು ರೂಢಿಯಾಗಿರುವುದರಿಂದ, ಹಿಂದಿರುಗಿದ ಮೂರು ತಿಂಗಳೊಳಗೆ ಯಾರಿಗೆ ಜ್ವರ ಬಂದರೂ ಕೀನ್ಯಾಕ್ಕೆ ಹೋಗಿಬಂದದ್ದನ್ನು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ಹೇಳಿ, ಅಂದೇ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿರಿ. ವರದಿ ನೆಗೆಟಿವ್ ಬಂದು ಜ್ವರ ಇಳಿಯದಿದ್ದರೆ ಮರುದಿನ ಮತ್ತೊಮ್ಮೆ ಮಾಡಿಸಿರಿ.