ಅಪ್‌ಡೇಟ್: ಬೇಸ್‌ಮೆಂಟ್ ಟಾಯ್ಲೆಟ್ ಸರಿಹೋಯಿತು, ವಾಸನೆ ಇಲ್ಲ

ಬೆಂಗಳೂರಿನ ನಮ್ಮ ಮನೆಯ ಬೇಸ್‌ಮೆಂಟ್ ಟಾಯ್ಲೆಟ್‌ಗಿಂತ ರಸ್ತೆಯ ಯುಜಿಡಿ (ಒಳಚರಂಡಿ) ಪೈಪ್ 3 ಅಡಿ ಮೇಲಿದೆ, ಏನು ಮಾಡಲಿ ಅಂತ ಕೇಳಿದ್ದೆ.

ನಾನ್-ರಿಟರ್ನ್ ವಾಲ್ವ್ ಒಂದೇ ಸಾಕು ಎಂಬ ಸಲಹೆ ನಡೆಯಲಿಲ್ಲ. ಅದು ರಸ್ತೆಯ ಪೈಪಿನಿಂದ ವಾಪಸ್ ಬರುವ ನೀರನ್ನು ತಡೆಯುತ್ತದೆ, ನಮ್ಮದನ್ನು ಮೇಲೆತ್ತುವುದಿಲ್ಲ ಅಲ್ವಾ. ಟಾಯ್ಲೆಟ್ ನೀರು ಸೇರುವ ಬಿಗಿ ಮುಚ್ಚಳದ ಗುಂಡಿಗೆ ಸೀವೇಜ್ ಪಂಪ್ ಹಾಕಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಕೆಲಸ ಮಾಡಿದ್ದು ಅದೇ. ಪಂಪಿನ ಪೈಪನ್ನು ರಸ್ತೆ ಮಟ್ಟಕ್ಕಿಂತ ಮೇಲೆತ್ತಿ, ಆಮೇಲೆ ಯುಜಿಡಿಗೆ ಸೇರುವ ಚೇಂಬರ್‌ಗೆ ಇಳಿಸಿದ್ದೇವೆ.

ಗೊತ್ತಿಲ್ಲದಿದ್ದದ್ದು ವೆಂಟ್ (ಗುಂಡಿಗೆ ಗಾಳಿ ಆಡುವ ದಾರಿ) ವಿಷಯ. ಖರ್ಚು ಉಳಿಯಲಿ ಅಂತ ಗಾಳಿಯನ್ನು ಒಳಗೆ ಮಾತ್ರ ಬಿಡುವ ವಾಲ್ವ್ ಹಾಕಿಸಿದ್ದೆ. ಪ್ರತಿ ಫ್ಲಶ್‌ಗೂ ಫ್ಲೋರ್ ಟ್ರ್ಯಾಪ್‌ನಲ್ಲಿ (ನೆಲದ ನೀರು ಹೋಗುವ ಕಡೆ) ಗುಳುಗುಳು ಗುಳ್ಳೆ, ಹಿಂದೆಯೇ ವಾಸನೆ. ಗುಂಡಿ ತುಂಬುವಾಗ ಒಳಗಿನ ಗಾಳಿ ಹೊರಗೂ ಹೋಗಬೇಕಂತೆ! ಟೆರೇಸ್‌ವರೆಗೆ ಪ್ರತ್ಯೇಕ ವೆಂಟ್ ಪೈಪ್ ಎಳೆಸಿದ ಮೇಲೆ ಎರಡೂ ನಿಂತವು. ಕರೆಂಟ್ ಹೋದಾಗ ಮಾತ್ರ ಜಾಸ್ತಿ ಬಳಸಬೇಡಿ, ಪಂಪ್ ಓಡುವುದಿಲ್ಲ.